ಪಂಕ್ತಿಯಲ್ಲಿ ಕೂರದ ಮೋನಪ್ಪ

ನೆನೆಸಿದ ಉದ್ದಿಗೆ ಮೆಂತ್ಯ ಬೆರೆತಾಗ ಏಳುವ ಹಸಿ ವಾಸನೆ ಎಂದರೆ ನನಗೆ ಮದ್ರಾಸಿನ ಟ್ರಿಪ್ಲಿಕೇನಿನಲ್ಲಿದ್ದ ನಮ್ಮ ಹಳೆಯ ಮನೆ. ಅಮ್ಮ ಒರಳಿನ ಮುಂದೆ ಕೂತರೆ ಬೀದಿಬಾಗಿಲವರೆಗೂ ಅದೇ ಘಮ. ಈಗ, ಬೆಳಗಿನ ಐದು ಗಂಟೆಗೆ, ಅಣ್ಣಾ ನಗರದ ಸಸ್ಯಾಹಾರಿ ಹೋಟೆಲೊಂದರ ಹಿಂಬದಿಯ ಕೋಣೆಯಲ್ಲಿ ಆ ವಾಸನೆ ಇದೆ. ಮೂರು ಗ್ರೈಂಡರುಗಳ ನಡುವೆ ಮೋನಪ್ಪ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ನಿಂತಿದ್ದಾರೆ. ಚಿಟಿಕೆ ಹಿಟ್ಟನ್ನು ನೀರಿನ ಲೋಟಕ್ಕೆ ಬಿಡುತ್ತಾರೆ. ತೇಲಿದರೆ ಗ್ರೈಂಡರ್ ನಿಲ್ಲಿಸುತ್ತಾರೆ, ಮುಳುಗಿದರೆ ಇನ್ನಷ್ಟು ಐಸ್ ನೀರು ಹಾಕುತ್ತಾರೆ.

"ಇಲ್ಲಿಯ ಸೆಕೆಗೆ ಹಿಟ್ಟು ಬೇಗ ಹುಳಿ ಬರ್ತದೆ ಅಮ್ಮ. ಐಸ್ ಇಲ್ಲದಿದ್ರೆ ಮಧ್ಯಾಹ್ನಕ್ಕೇ ಕತೆ ಮುಗೀತು," ಎನ್ನುತ್ತಾರೆ ನನಗೆ.

ಮೋನಪ್ಪನವರಿಗೆ ಐವತ್ತೆಂಟು. ಮೂಡಬಿದಿರೆ ಕಡೆಯಿಂದ ಹತ್ತೊಂಬತ್ತಕ್ಕೇ ಬಂದವರು. ದಿನಕ್ಕೆ ಅರವತ್ತು ಕಿಲೋ ಅಕ್ಕಿ, ಹದಿನೈದು ಕಿಲೋ ಉದ್ದು. ಅವರು ರುಬ್ಬಿದ ಹಿಟ್ಟಿನ ಇಡ್ಲಿ ತಿಂದವರಲ್ಲಿ ಅವರ ಮುಖ ಬಲ್ಲವರು ಕಡಿಮೆ. ಎದುರಿನ ಚಹಾ ಅಂಗಡಿಯವನು ಇಪ್ಪತ್ತು ವರ್ಷದಿಂದ ಕೇಳುವುದು ಒಂದೇ ಪ್ರಶ್ನೆ: "ಎನ್ನ ಅಣ್ಣೇ, ಊರುಕ್ಕು ಎಪ್ಪೋ?" ಊರಿಗೆ ಯಾವಾಗ ಹೋಗುತ್ತೀರಿ ಎಂದು. ಪ್ರೀತಿಯಿಂದಲೇ ಕೇಳುತ್ತಾನೆ, ಸಕ್ಕರೆ ಒಂದು ಚಮಚ ಜಾಸ್ತಿ ಹಾಕುತ್ತಾನೆ. ಊರಿಗೆ ಹೋದರೆ ಅಲ್ಲಿನವರು "ಮದ್ರಾಸಿನವರು ಬಂದ್ರು" ಎಂದು ಕುರ್ಚಿ ಎಳೆದುಕೊಡುತ್ತಾರೆ.

"ಎರಡು ಕಡೆಯೂ ನಾನು ನೆಂಟನೇ," ಎಂದು ಮೋನಪ್ಪ ನಗುತ್ತಾರೆ. "ನೆಂಟ ಆದ್ರೆ ಊಟಕ್ಕಾದ್ರೂ ಕೂರಿಸ್ಬೇಕಲ್ಲ? ಅದೂ ಇಲ್ಲ."

ಮಾತು ತಮಾಷೆಯದಲ್ಲ. ಇಲ್ಲಿನ ಕನ್ನಡದವರ ಮನೆಗಳ ಮದುವೆ, ಗೃಹಪ್ರವೇಶಗಳಿಗೆ ಅವರಿಗೂ ಕರೆ ಬರುತ್ತದೆ. ಹೋದೊಡನೆ ಯಾರಾದರೊಬ್ಬರು ಅವರ ಬಿಳಿ ಅಂಗಿ ಕಂಡು ಕೈಗೆ ಬಕೆಟ್ ಕೊಡುತ್ತಾರೆ. ಹೋಟೆಲಿನವರು ಎಂದರೆ ಬಡಿಸುವವರು ಎಂದೇ ಲೆಕ್ಕ. ಕೊನೆಗೆ ಅಡುಗೆಮನೆಯಲ್ಲಿ ನಿಂತುಕೊಂಡೇ ಉಣ್ಣುವುದು.

"ಒಂದು ಸಲ ಎಲೆ ಮುಂದೆ ಕೂತು, ಮಜ್ಜಿಗೆವರೆಗೆ ಉಂಡು ಏಳ್ಬೇಕು ಅಂತ ಉಂಟು. ದೊಡ್ಡ ಆಸೆ ಏನಲ್ಲ."

ಭಾನುವಾರ ಹೋಟೆಲಿನ ಮಾಲೀಕರಾದ ಮಂಜುನಾಥ್ ಅವರ ಮಗಳು ಶ್ರೀಯಾಳ ನಿಶ್ಚಿತಾರ್ಥ. ಕರೆಯೋಲೆಯ ಮೇಲೆ ಮೋನಪ್ಪನವರ ಹೆಸರಿದೆ. ಮಂಡಿನೋವಿನಿಂದಾಗಿ ಅವರ ಹೆಂಡತಿ ಅಕ್ಕು ಹೋಗುವಂತಿಲ್ಲ. ಗಂಡನಿಗೆ ನೀಲಿ ಗೀರಿನ ಹೊಸ ಅಂಗಿ ತರಿಸಿದ್ದಾರೆ, ಬಡಿಸುವವರೆಂದು ಯಾರೂ ತಿಳಿಯದಿರಲಿ ಎಂದು.

"ಬಕೆಟ್ ಕಂಡ್ರೆ ಮುಖ ತಿರುಗ್ಸಿ, ಆಯ್ತಾ?"

"ಆಯ್ತು ಮಾರಾಯ್ತಿ."

ಛತ್ರದ ಮೂರನೆಯ ಪಂಕ್ತಿಯಲ್ಲಿ ಅವರು ಕೂತೂ ಬಿಡುತ್ತಾರೆ. ಉಪ್ಪು, ಕೋಸಂಬರಿ, ಪಲ್ಯ, ಅನ್ನ ಎಲೆಗೆ ಬರುತ್ತವೆ. ಎಲೆಯ ಸುತ್ತ ನೀರು ಚಿಮುಕಿಸುವಷ್ಟರಲ್ಲಿ ಎದುರು ಸಾಲಿನಿಂದ ಚಂದ್ರಶೇಖರ ಎಂಬ ನಿವೃತ್ತ ಅಧಿಕಾರಿ ಕೂಗುತ್ತಾರೆ: "ಓ ಮೋನಪ್ಪ! ನೀವೇ ಕೂತ್ಬಿಟ್ರೆ ಹೆಂಗ್ರೀ? ಈ ಕಡೆಗೆ ಸಾರೇ ಬಂದಿಲ್ಲ ನೋಡಿ!"

ಎಲ್ಲರೂ ನಗುತ್ತಾರೆ. ಮೋನಪ್ಪನವರೂ ನಗುತ್ತಾರೆ, ಏಳುತ್ತಾರೆ. ಸಾರಿನ ಬಕೆಟ್ ಹಿಡಿದು ಎರಡು ಸಾಲು ಮುಗಿಸುತ್ತಾರೆ. ಎದುರು ಸಾಲಿನಲ್ಲಿ ಅತಿಥಿಯಾಗಿ ಕೂತಿದ್ದ ನನ್ನ ಎಲೆಗೂ ಸಾರು ಬೀಳುತ್ತದೆ. ನಾನೂ ಅನ್ನಕ್ಕೆ ಕಲಸಿಕೊಳ್ಳುತ್ತೇನೆ.

ನಡುವೆ ಎದ್ದವರು ಮತ್ತೆ ಅದೇ ಎಲೆಗೆ ಕೂರುವ ಪದ್ಧತಿ ನಮ್ಮಲ್ಲಿಲ್ಲ. ಎಲೆ ತೆಗೆಯುವ ಅಂಜಲೈಗೂ ಅದು ಗೊತ್ತು. ಊಟ ಮುಗಿಸಿ ಎದ್ದಿದ್ದಾರೆಂದುಕೊಂಡು ಆಕೆ ಅವಸರದಲ್ಲಿ ಆ ಎಲೆ ಮಡಚಿ ಬುಟ್ಟಿಗೆ ಹಾಕಿದ್ದಾಳೆ. ಮೋನಪ್ಪ ಮರಳಿದಾಗ ಅಲ್ಲಿರುವುದು ಒದ್ದೆ ಮೇಜು. ಅವರು ಕುರ್ಚಿಯನ್ನು ಒಳಗೆ ಸರಿಸಿ, ಹಿಂದಿನ ನಲ್ಲಿಯಲ್ಲಿ ಕೈ ತೊಳೆದು, ಅಂಗಿಯ ಮೇಲಿನ ಸಾರಿನ ಕಲೆ ಉಜ್ಜುತ್ತಾರೆ.

"ಅಕ್ಕುಗೆ ಊಟ ಆಯ್ತು ಅಂತ್ಲೇ ಹೇಳುದು. ಪಾಪ, ಅವಳು ಕಾಯ್ತಾ ಇರ್ತಾಳೆ," ಎನ್ನುತ್ತಾರೆ, ಕೈ ತೊಳೆಯಲು ಬಂದ ನನಗೆ.

ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಹೊರಗೆ ಬಂದ ಅಂಜಲೈ ಮೋನಪ್ಪನವರ ಮುಖವನ್ನೊಮ್ಮೆ, ಬುಟ್ಟಿಯಲ್ಲಿ ಮೇಲೇ ಮಡಿಕೆ ಬಿಚ್ಚಿಕೊಂಡಿರುವ, ಅನ್ನ ಕದಡದ ಎಲೆಯನ್ನೊಮ್ಮೆ ನೋಡುತ್ತಾಳೆ. ಬುಟ್ಟಿ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತಾಳೆ. ಗೋಡೆಯ ಮೊಳೆಗೆ ತೂಗುಹಾಕಿದ್ದ ತನ್ನ ವೈರ್ ಚೀಲದಿಂದ, ಮನೆಗೆಂದು ಅಡುಗೆಯವರು ಕಟ್ಟಿಕೊಟ್ಟಿದ್ದ ಬಾಳೆಲೆಯ ಊಟದ ಪೊಟ್ಟಣ ತೆಗೆದು ಅವರ ಕೈಗಿಡುತ್ತಾಳೆ. ಬುಟ್ಟಿ ಎತ್ತಿಕೊಂಡು ಹೊರಟುಹೋಗುತ್ತಾಳೆ.