ಸರ್ ಮಾಡಿದ ಅವ್ವ

ನಮ್ಮ ಸರ್ ಅವರ ಬಲಗೆನ್ನೆಯ ಮೇಲೆ ಯಾವಾಗಲೂ ಮಣ್ಣಿನ ಬೂದುಗೆರೆಯೊಂದು ಇರುತ್ತಿತ್ತು. ಇಸ್ತ್ರಿ ಅಂಗಿ ತೊಟ್ಟು ಮದುವೆಗೆ ಬಂದಾಗಲೂ ಅದು ಅಲ್ಲೇ. ಮಣ್ಣಿನ ಮೂರ್ತಿಯನ್ನು ಭಟ್ಟಿಯಲ್ಲಿಟ್ಟು ಸುಡುವ ಮೊದಲು ಅವರು ಅದನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದರು. ಒಳಗೆ ಹಸಿ ಇದ್ದರೆ ತಣ್ಣಗೆ ಹತ್ತುತ್ತದೆ. "ಕೈ ಮಣ್ಣಿನ ಜೋಡಿ ಶಾಮೀಲಾಗ್ಯಾದ, ಅದರ ಸಾಕ್ಷಿ ನಡ್ಯಂಗಿಲ್ಲ. ಕೆನ್ನಿ ಸುಳ್ಳು ಹೇಳಂಗಿಲ್ಲ" ಎನ್ನುತ್ತಿದ್ದರು. ಬೆನ್ನ ಹಿಂದೆ ನಾವು ಅವರನ್ನು ಕೆನ್ನಿ ಸರ್ ಎಂದೇ ಕರೆಯುತ್ತಿದ್ದೆವು.

ರಾಯಚೂರಿನ ನಮ್ಮ ಚಿತ್ರಕಲಾ ಶಾಲೆ ಎಂದರೆ ಎರಡು ಕೋಣೆ, ಹಿಂದೊಂದು ತಗಡಿನ ಶೆಡ್ಡು, ಶೆಡ್ಡಿನ ಪಕ್ಕ ಜಾಲಿ ಕಟ್ಟಿಗೆಯ ಭಟ್ಟಿ. ನಾನು ಮಾನ್ವಿಯ ಬಳೆ ಅಂಗಡಿಯವರ ಮಗಳು. ಮಣ್ಣಾಟ ಆಡಲು ರಾಯಚೂರಿಗೆ ಯಾಕೆ ಹೋಗಬೇಕು, ನಮ್ಮ ಅಂಗಳದಲ್ಲೇ ಬೇಕಾದಷ್ಟಿದೆ ಎಂಬುದು ಅಮ್ಮಿಯ ತಕರಾರು. ಹೋದರೆ ಸರ್ ಮೂರು ವಾರ ಬರೀ ಮಣ್ಣು ನಾದಿಸಿದರು. ಬೇಜಾರು ಎಂದೆ. "ರೊಟ್ಟಿ ಹಿಟ್ಟು ನಾದೂಮುಂದ ನಿಮ್ಮವ್ವ ಬ್ಯಾಸರ ಅಂತಾಳೇನು? ನಾದವ್ವಾ" ಎಂದರು. ಬೈಗುಳವೆಂದರೆ ಅಷ್ಟೇ. ಅವರು ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಿಲ್ಲ.

ಸರ್ ಅರಕೇರಾದ ಕೂಲಿ ಮನೆತನದವರು. ಅವರು ಹೈಸ್ಕೂಲಿನಲ್ಲಿದ್ದಾಗಲೇ ಅವ್ವ ತೀರಿಕೊಂಡಿದ್ದಳು. ಆಕೆಯದೊಂದು ಫೋಟೊ ಇರಲಿಲ್ಲ. ರೇಷನ್ ಕಾರ್ಡಿನಲ್ಲೂ ಇದ್ದದ್ದು ಅಪ್ಪನದು. ನಾನು ಎರಡನೇ ವರ್ಷದಲ್ಲಿದ್ದಾಗ ಸರ್ ಅವ್ವನನ್ನು ನೆನಪಿನಿಂದಲೇ ಮಾಡತೊಡಗಿದರು. ಎದೆಯಿಂದ ಮೇಲಕ್ಕೆ, ಆಳಳತೆಯ ಮೂರ್ತಿ. ಮುಖ ಮಾಡುವುದು, ಕೆಡಿಸುವುದು, ಮತ್ತೆ ಮಾಡುವುದು, ಹೀಗೆ ನಾಲ್ಕು ತಿಂಗಳು. ಸಂಜೆ ಅದಕ್ಕೆ ಒದ್ದೆ ಬಟ್ಟೆ ಹೊದಿಸುವ ಕೆಲಸ ನನ್ನದು. ಒಂದು ದಿನ ಕೈ ಒರೆಸಿಕೊಂಡು, "ಬಂದ್ಲು ನೋಡು" ಎಂದರು. ಕಣ್ಣು ತುಂಬಿದ್ದವು, ಮುಚ್ಚಿಡಲೂ ಹೋಗಲಿಲ್ಲ.

ಅವ್ವ ಶೆಡ್ಡಿನ ನೆರಳಲ್ಲಿ ಮೂರು ವಾರ ಒಣಗಿದಳು. ಅದೇ ಭಟ್ಟಿಯಲ್ಲಿ ನಮ್ಮ ಪರೀಕ್ಷೆಯ ಕೆಲಸಗಳನ್ನೂ ಸುಡುವುದಿತ್ತು. ನನ್ನದೊಂದು ಎಮ್ಮೆಯ ತಲೆ. ಎಲ್ಲದರಲ್ಲೂ ಅವಸರದವಳು ನಾನು, ಅದನ್ನು ತಡವಾಗಿ ಮುಗಿಸಿದ್ದಕ್ಕೆ ಬೇಗ ಒಣಗಲೆಂದು ಬಿಸಿಲಿಗಿಟ್ಟಿದ್ದೆ. ರಾಯಚೂರಿನ ಬಿಸಿಲು ಮೋಸಗಾರ. ಮಣ್ಣಿನ ಮೇಲ್ಮೈಯನ್ನು ಒಂದೇ ದಿನದಲ್ಲಿ ಒಣಗಿಸಿಬಿಡುತ್ತದೆ, ಒಳಗಿನ ಹಸಿ ಒಳಗೇ ಉಳಿಯುತ್ತದೆ. ಅವರವರ ಕೆಲಸವನ್ನು ಅವರವರೇ ಕೆನ್ನೆಗೆ ಹಿಡಿದು ಹೇಳಬೇಕೆಂಬುದು ಸರ್ ಅವರ ಕಟ್ಟಳೆ. ಎಮ್ಮೆಯ ಕತ್ತು ಕೆನ್ನೆಗೆ ತಣ್ಣಗೆ ಹತ್ತಿತು. ಈ ಭಟ್ಟಿ ತಪ್ಪಿದರೆ ನನಗೆ ಪರೀಕ್ಷೆಯೇ ಇಲ್ಲ.

"ಒಣಗ್ಯಾದ ಸರ್" ಎಂದೆ.

ಸರ್ ಮುಟ್ಟಿ ನೋಡಲಿಲ್ಲ. "ಮಾಡಿದವ್ರು ಹೇಳಿದ ಮ್ಯಾಲ ನಾ ಮತ್ತ ಮುಟ್ಟಬಾರ್ದು" ಎಂದು ಎಮ್ಮೆಯನ್ನು ಅವ್ವನ ಪಕ್ಕದಲ್ಲೇ ಇಟ್ಟರು.

ಮಧ್ಯಾಹ್ನದ ಹೊತ್ತಿಗೆ ಭಟ್ಟಿಯೊಳಗೆ ಢಂ ಎಂದಿತು. ಮೂರನೇ ದಿನ ಬಾಗಿಲು ತೆಗೆದರೆ ಎಮ್ಮೆ ಚೂರುಚೂರು, ಅದು ಸಿಡಿದ ಹೊಡೆತಕ್ಕೆ ಅವ್ವನಿಗೆ ಮುಖವೇ ಇರಲಿಲ್ಲ. ಮಣ್ಣು ಸಿಡಿಯುವುದು ಎರಡೇ ಕಾರಣಕ್ಕೆ: ಹಸಿ ಇರಬೇಕು, ಇಲ್ಲವೇ ಬೆಂಕಿ ಒಮ್ಮೆಲೇ ಏರಿರಬೇಕು. ಎಮ್ಮೆ ಒಣಗಿದೆ ಎಂದು ನಾನು ಹೇಳಿಯಾಗಿತ್ತು. "ಹಂಗಾರ ಬೆಂಕಿ ನಾನ ಅವಸರ ಮಾಡೀನಿ. ಬೆಂಕಿ ನೋಡೂ ನನ್ನ ಕಣ್ಣು ಹೋದ್ವು" ಎಂದು ಸರ್ ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಮಾತು ನನ್ನ ಬಾಯಲ್ಲಿ ಬಿಸಿ ತುಪ್ಪವಾಗಿತ್ತು, ನುಂಗಲಾರೆ, ಉಗುಳಲಾರೆ. ಕೊನೆಗೆ ನುಂಗಿದೆ. ಅಷ್ಟೇ ಅಲ್ಲ, ಪಾಪದವಳಂತೆ ಅತ್ತೆ. ಎಮ್ಮೆ ಹೋಯಿತೆಂದು ಅಳುತ್ತಿದ್ದಾಳೆಂದುಕೊಂಡು ಅವರೇ ನನಗೆ ಸಮಾಧಾನ ಹೇಳಿದರು, ಪರೀಕ್ಷೆಗೆ ಇನ್ನೊಂದು ವಾರ ಕೊಡಿಸಿದರು.

ಅವತ್ತಿನಿಂದ ಸರ್ ಭಟ್ಟಿಗೆ ಬೆಂಕಿ ಹಾಕಲಿಲ್ಲ. ಶಾಲೆಗೆ ಕರೆಂಟಿನ ಭಟ್ಟಿ ಬಂತು; ಅದರಲ್ಲಿ ಹುಡುಗರು ಮಾಡಿದ ಚಹಾದ ಕಪ್ಪು, ಕುಂಡಗಳನ್ನು ಸುಡುತ್ತಿದ್ದರು. ದೊಡ್ಡ ಮೂರ್ತಿ ಅದರೊಳಗೆ ಹಿಡಿಯುತ್ತಿರಲಿಲ್ಲ. ಯಾಕೆ ಸರ್ ಏನೂ ಮಾಡುತ್ತಿಲ್ಲ ಎಂದು ಯಾರಾದರೂ ಕೇಳಿದರೆ, "ಬೆಂಕಿ ಗುರ್ತು ಹತ್ತವಲ್ದು" ಎಂದು ನಗುತ್ತಿದ್ದರು. ನನಗೆ ದೇವದುರ್ಗದ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಸಿಕ್ಕಿತು. ಹನ್ನೊಂದು ವರ್ಷ ಪ್ರತಿ ರಂಜಾನಿಗೆ ಅವರ ಮನೆಗೆ ಶಾವಿಗೆಯ ಸುರಕುಂಬಾ ಒಯ್ದೆ, ಹೇಳಬೇಕಾದ ಮಾತನ್ನು ವಾಪಸ್ ತಂದೆ.

ಹೋದ ವರ್ಷ ಸರ್ ಹಾಸಿಗೆ ಹಿಡಿದರು. ಒಣಮಣ್ಣಿನ ಧೂಳು ಎದೆಯಲ್ಲಿ ಕೂತಿದೆ ಎಂದರು ಡಾಕ್ಟರು. ರಜೆ ಹಾಕಿ ಹೋದೆ. ಸರ್ ಮನೆಯವರು ಚಹಾಕ್ಕೆಂದು ಒಳಗೆ ಹೋದಾಗ ಹೇಳಿಬಿಟ್ಟೆ.

"ಸರ್, ಅವತ್ತು ನನ್ನ ಎಮ್ಮಿ ಹಸಿ ಇತ್ತು. ಗೊತ್ತಿದ್ದೇ ಒಣಗ್ಯಾದ ಅಂದೆ. ಬೆಂಕಿ ತಪ್ಪಲ್ಲ ಸರ್ ಅದು."

"ಅವತ್ತ ಹೇಳಿದ್ದಿದ್ರ," ಎಂದು ಉಸಿರೆಳೆದುಕೊಂಡರು, "ಮರುದಿನಾನ ಇನ್ನೊಂದು ಮಾಡ್ತಿದ್ನೆಲ್ಲವ್ವಾ. ಈಗ ಅವ್ವನ ಮಾರೀನ ನೆನಪಿಗೆ ಬರವಲ್ದು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನನ್ನ ಕೈ ಹಿಡಿದುಕೊಂಡರು.

"ನೀ ದಿನಾ ಅರಿವಿ ಹೊಚ್ಚತಿದ್ದೆಲ್ಲ. ಹೆಂಗಿದ್ಲು ಹೇಳು."

"ಕಣ್ಣು ಸಣ್ಣವಿದ್ವು ಸರ್."

ಅವರು ಕಣ್ಣು ಮುಚ್ಚಿದರು. "ಹ್ಞೂಂ. ಮತ್ತ?"

"ಕಿವಿ ಜೋತಿದ್ವು."

"ಹ್ಞೂಂ. ಮೂಗು?"

ನಾಲ್ಕು ತಿಂಗಳು ಆ ಮುಖಕ್ಕೆ ಬಟ್ಟೆ ಹೊದಿಸಿದ್ದೆ. ಮನಸ್ಸು ಮಾತ್ರ ನನ್ನ ಕೆಲಸದ ಮೇಲೆಯೇ ಇತ್ತು. ಯಾವುದೋ ಒಂದು ಮೂಗು ಹೇಳಿದ್ದರೂ ನಂಬುತ್ತಿದ್ದರು. ನಾನು ಹೇಳಿದ್ದನ್ನು ಅವರು ಯಾವತ್ತೂ ಅನುಮಾನಿಸಿದವರಲ್ಲ.

"ಗೊತ್ತಿಲ್ಲ ಸರ್" ಎಂದೆ. "ನಾ ಸರಿಯಾಗಿ ನೋಡೇ ಇಲ್ಲ."

ಎಂಟು ದಿನಕ್ಕೆ ಸರ್ ತೀರಿಕೊಂಡರು. ನನಗೆ ಅಷ್ಟೆಲ್ಲ ಕಲಿಸಿದವರು ನನ್ನಿಂದ ಜೀವಮಾನದಲ್ಲಿ ಕೇಳಿದ್ದು ಅದೊಂದೇ, ಅವರವ್ವ ಹೇಗಿದ್ದಳು ಎಂದು.