ಟೀಚರು ಕೊಟ್ಟ ಬರಿ

ಮಧ್ಯಾಹ್ನವಾಗುವಷ್ಟರಲ್ಲಿ ಟೀಚರ ಮುಖದ ಸಿಡುಬಿನ ಗುಳಿಗಳಲ್ಲಿ ಸೀಮೆಸುಣ್ಣದ ಪುಡಿ ಕೂತು, ಕಪ್ಪು ಮುಖದ ತುಂಬ ಬಿಳಿ ಚುಕ್ಕೆಗಳು ಏಳುತ್ತಿದ್ದವು. ಒರೆಸಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಹೊಸದಾಗಿ ಸೇರಿದ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುವುದು, ಅವರು ಒಂದು ನಿಮಿಷ ಸುಮ್ಮನೆ ನಿಂತು, “ಮುಖ ನೋಡಿ ಆಯ್ತಲ್ಲ? ಇನ್ನು ಹಲಗೆ ನೋಡಿ” ಎನ್ನುವುದು, ಪ್ರತಿ ವರ್ಷ ಪಾಠ ಶುರುವಾಗುತ್ತಿದ್ದದ್ದೇ ಹಾಗೆ.

ಬಂದ್ಯೋಡಿನ ಹತ್ತಿರದ ಆ ಶಾಲೆಗೆ ನಾನು ಸೇರಿದ ದಿನ ಮಾತ್ರ ಯಾರೂ ಅವರ ಮುಖ ನೋಡಲಿಲ್ಲ. ಎಲ್ಲರೂ ನನ್ನದನ್ನೇ ನೋಡಿದರು. ನನ್ನ ಅಮ್ಮ ಬರ್ಮಾದವಳು. ಅಪ್ಪ ಇದೇ ಊರಿನವರು, ರಂಗೂನಿನ ಮರದ ಮಿಲ್ಲಿನಲ್ಲಿದ್ದರು. ಯುದ್ಧ ಬಂದು, ಇದ್ದಬದ್ದದ್ದು ಬಿಟ್ಟು ಓಡಿಬರುವಾಗ ಅಮ್ಮ ದಾರಿಯಲ್ಲೇ ತೀರಿಕೊಂಡಳು. ಅವಳ ಸಣ್ಣ ಕಣ್ಣು, ಚಪ್ಪಟೆ ಮೂಗು, ಹಳದಿ ಬಣ್ಣ ನನ್ನ ಮುಖದಲ್ಲಿ ಹಾಗೆಯೇ ಉಳಿದಿತ್ತು. ಜಪಾನಿನ ವಿಮಾನದ ಹೆದರಿಕೆ ಊರಲ್ಲೆಲ್ಲ ಇದ್ದ ಕಾಲ. ನಾನು ಬಾಗಿಲಲ್ಲಿ ಕಾಣಿಸಿದರೆ ಸಾಕು, “ಜಪಾನ್ ಬಂತು” ಎಂದು ಹುಡುಗಿಯರು ಬೆಂಚಿನಡಿ ತೂರಿಕೊಳ್ಳುತ್ತಿದ್ದರು. ಅದೇ ಜಪಾನಿನ ಬಾಂಬಿಗೆ ಹೆದರಿ ಓಡಿಬಂದವಳು ನಾನು! ಇದನ್ನು ಯಾರಿಗೆ ಹೇಳುವುದು? ಹೇಳಲಿಕ್ಕೆ ನನಗೆ ಭಾಷೆಯೂ ಅರ್ಧಂಬರ್ಧ ಬರುತ್ತಿತ್ತು.

ಕೂತಲ್ಲಿ ಕೂರಲಾಗುತ್ತಿರಲಿಲ್ಲ ನನಗೆ. ಚೀಲವನ್ನು ಹೆಗಲಿನಿಂದ ಇಳಿಸುತ್ತಿರಲಿಲ್ಲ, ಬಾಗಿಲ ಪಕ್ಕದ ಜಾಗ ಬಿಡುತ್ತಿರಲಿಲ್ಲ. ಟೀಚರೂ ಹಾಗೆಯೇ, ಕುರ್ಚಿಯಲ್ಲಿ ಕೂತು ಪಾಠ ಮಾಡಿದ್ದನ್ನು ನಾನು ಕಂಡಿಲ್ಲ. ಗೋಡೆಯಿಂದ ಗೋಡೆಗೆ ನಡೆಯುತ್ತ ಮಗ್ಗಿ ಹೇಳಿಸುವರು. ನನ್ನ ಹತ್ತಿರ ಬಂದಾಗಲೆಲ್ಲ ಚೀಲವನ್ನು ಹೆಗಲಿನಿಂದ ತೆಗೆದು ನೆಲಕ್ಕಿಡುವರು. ಅವರು ಅತ್ತ ತಿರುಗಿದ ಕೂಡಲೆ ನಾನು ಮತ್ತೆ ಹಾಕಿಕೊಳ್ಳುವೆ. ಒಂದು ಮಳೆಗಾಲ ಪೂರ್ತಿ ನಾವಿಬ್ಬರೂ ಇದನ್ನೇ ಮಾಡಿದೆವು.

‘ಜಪಾನ್’ ಎಂದದ್ದನ್ನು ಹೇಗೋ ತಡೆದುಕೊಂಡೆ. ತಡೆಯಲಾಗದ್ದು ಬರಿಯ ವಿಷಯ. ತುಳುವರಲ್ಲಿ ಬರಿ ಎಂದರೆ ತಾಯಿಯಿಂದ ಮಕ್ಕಳಿಗೆ ಬರುವ ಕುಲ. ಅಪ್ಪನದ್ದು ಮಕ್ಕಳಿಗೆ ಬರುವುದಿಲ್ಲ. ಗಂಜಿಯ ಹೊತ್ತಿಗೆ ಹುಡುಗಿಯರು ಒಬ್ಬರಿಗೊಬ್ಬರು ಬರಿ ಕೇಳಿಕೊಂಡು, ಒಂದೇ ಆದರೆ ಅಕ್ಕತಂಗಿಯರಾಗಿ ಅಂಟಿಕೊಂಡು ಕೂರುತ್ತಿದ್ದರು. ಒಂದು ದಿನ ನನ್ನನ್ನೂ ಕೇಳಿದರು. ಮನೆಗೆ ಹೋಗಿ ಅಪ್ಪನನ್ನು ಕೇಳಿದೆ. ಅಪ್ಪ, “ನನ್ನದು ನಿನಗೆ ಬರುವುದಿಲ್ಲ ಮಗಾ. ನಿನ್ನ ಅಮ್ಮನಿಗೆ ಬರಿ ಇರಲಿಲ್ಲ” ಎಂದರು. ಮರುದಿನ ಅದನ್ನೇ ಹೋಗಿ ಹೇಳಿದೆನಲ್ಲ, ದಡ್ಡಿ! ಬರಿ ಇಲ್ಲದ ಮನುಷ್ಯರೂ ಉಂಟಾ ಎಂದು ಅವರಿಗೆ ನಗೆಗಿಂತ ಹೆಚ್ಚು ಹೆದರಿಕೆಯಾಯಿತು. ಒಬ್ಬೊಬ್ಬರಾಗಿ ಎದ್ದು ಬೇರೆ ಕಡೆ ಹೋಗಿ ಕೂತರು.

ನಾನು ಗಂಜಿಯನ್ನು ಅಲ್ಲೇ ಬಿಟ್ಟು ಹೊರಟೆ. ಎಲ್ಲಿಗೆಂದು ಗೊತ್ತಿಲ್ಲ, ಈ ಮುಖವನ್ನು ಯಾರೂ ತಿರುಗಿ ನೋಡದ ಕಡೆಗೆ. ರೈಲು ಹಳಿಯ ಹತ್ತಿರ ಟೀಚರು ಹಿಂದಿನಿಂದ ಬಂದು ಕೈ ಹಿಡಿದರು. ಏದುಸಿರು ಬಿಡುತ್ತಿದ್ದರು. ಬೈಯಲಿಲ್ಲ. ಇಬ್ಬರೂ ಹಳಿಯ ಪಕ್ಕದಲ್ಲಿ ಸುಮಾರು ದೂರ ನಡೆದೆವು. ಅಳುತ್ತಳುತ್ತ ಎಲ್ಲ ಹೇಳಿದೆ.

“ಬರಿ ಬೇಕು, ಅಷ್ಟೇ ಅಲ್ವಾ?” ಎಂದರು. “ನನ್ನದು ತಗೋ. ನನಗೆ ಮದುವೆ ಇಲ್ಲ, ಮಕ್ಕಳಿಲ್ಲ. ಅದು ಸುಮ್ಮನೆ ಬಿದ್ದುಕೊಂಡುಂಟು.”

ಕೊಟ್ಟದ್ದು ಗುಟ್ಟಾಗಿ ಅಲ್ಲ. ಮರುದಿನ ಗಂಜಿಯ ಹೊತ್ತಿಗೆ ಅವರೇ ಬಂದು ಹುಡುಗಿಯರಿಗೆ ಹೇಳಿದರು. ಬೆಂಚಿನಡಿ ಎಲ್ಲರಿಗಿಂತ ಮೊದಲು ತೂರುತ್ತಿದ್ದವಳದೂ ಅದೇ ಬರಿ. ಅವಳು ನನ್ನನ್ನು ಕೆಕ್ಕರಿಸಿ ನೋಡಿ, ಸ್ವಲ್ಪ ಸರಿದು ಜಾಗ ಬಿಟ್ಟಳು. ಒಂದು ತುಂಡು ಉಪ್ಪಿನಕಾಯಿಯನ್ನೂ ಕೊಟ್ಟಳು.

ವಾರ ಕಳೆಯುವಷ್ಟರಲ್ಲಿ ಟೀಚರ ಅಣ್ಣ, ಅವರ ಕುಟುಂಬದ ಯಜಮಾನ, ಶಾಲೆಯ ಜಗಲಿಗೆ ಬಂದು ನಿಂತರು. ಎಲ್ಲಿಯದೋ ಹೆಂಗಸಿನ ಕೂಸಿಗೆ ಬರಿ ಹಂಚಲಿಕ್ಕೆ ಇವಳು ಯಾರು, ನಾಳೆ ದೈವದ ಎದುರು ಉತ್ತರ ಹೇಳುವವರು ಯಾರು, ತಪ್ಪಾಯಿತೆಂದು ಈಗಲೇ ಎಲ್ಲರೆದುರು ಹೇಳಲಿ ಎಂದು ಕೂಗಾಡಿದರು. ನಾನು ಚೀಲ ಹಾಕಿಕೊಂಡು ಬಾಗಿಲಲ್ಲಿ ತಯಾರಾಗಿ ನಿಂತಿದ್ದೆ. ಟೀಚರ ಸ್ವರ ಏರಲಿಲ್ಲ.

“ಮಗುವಿಗೆ ಹೇಳಿ ಆಯ್ತು ಅಣ್ಣ. ಇನ್ನು ಇಲ್ಲ ಅಂತ ಹೇಳ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ.”

ಅಂದಿನಿಂದ ಕುಟುಂಬದ ಮನೆಯ ಯಾವ ಕಾರ್ಯಕ್ಕೂ ಅವರಿಗೆ ಹೇಳಿಕೆ ಬರಲಿಲ್ಲ. ಬಂದ್ಯೋಡಿನಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇದ್ದರು. ಮನೆಯವರೆಲ್ಲ ದೈವದ ಕೋಲಕ್ಕೆ ಸೇರಿದ ದಿನ ನಾನು ಹೋಗಿ ನೋಡಿದರೆ, ಮಕ್ಕಳ ಕಾಪಿ ಪುಸ್ತಕ ಕೈಯಲ್ಲಿ ಹಿಡಿದು ಕೋಣೆಯೊಳಗೇ ಅತ್ತಿಂದಿತ್ತ ನಡೆಯುತ್ತಿದ್ದರು. ನನ್ನಿಂದಾಗಿ ಹೀಗಾಯಿತಲ್ಲ ಎಂದು ನನಗೆ ಸಂಕಟ. ಬರಿ ವಾಪಸು ಕೊಡುತ್ತೇನೆ, ನೀವು ಮನೆಗೆ ಹೋಗಿ ಎಂದೆ. ಅವರಿಗೆ ಸಿಟ್ಟು ಬಂದದ್ದು ಆಗ ಮಾತ್ರ.

“ಅದೆಂತ ಕೊಡೆಯಾ ಮಾರಾಯ್ತಿ, ಮಳೆ ನಿಂತ ಮೇಲೆ ವಾಪಸು ಕೊಡ್ಲಿಕ್ಕೆ?”

ಸುಳ್ಳು ಯಾಕೆ ಹೇಳಲಿ, ಬರಿ ಸಿಕ್ಕಿತೆಂದು ನನ್ನ ಚಡಪಡಿಕೆಯೇನೂ ಹೋಗಲಿಲ್ಲ. ಯಾರಾದರೂ ಕೇಳಿದರೆ ಬರಿ ಹೇಳುತ್ತಿದ್ದೆ, ಹೇಳಿದ ಮೇಲೆ ಅವರ ಕಣ್ಣು ನನ್ನ ಮೂಗಿನ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುತ್ತಿದ್ದೆ. ಮದುವೆಯಾಗಿ ಕಾಸರಗೋಡಿಗೆ ಬಂದ ಮೇಲೂ ಅಷ್ಟೇ. ಅಪ್ಪ ಸತ್ತಾಗ ಅವರ ಮನೆಯವರು ನನ್ನನ್ನು ಹೊರಗಿನವರ ಜೊತೆ ನಿಲ್ಲಿಸಿದರು. ಬರಿ ಬೇರೆ, ನನಗೆ ಸೂತಕವೂ ಇಲ್ಲ ಎಂದರು. ಮನೆಗೆ ಬಂದು ಎಂದಿನಂತೆ ಒಗ್ಗರಣೆ ಹಾಕಿ ಅಡಿಗೆ ಮಾಡಿದೆ, ಉಂಡೆ. ಆ ಊಟ ನೆನೆದರೆ ಈಗಲೂ ಮೈ ಉರಿಯುತ್ತದೆ.

ಅದಾಗಿ ಎರಡು ವರ್ಷಕ್ಕೆ, ಒಂದು ಬೆಳಿಗ್ಗೆ, ಟೀಚರ ಅಣ್ಣ ಬಸ್ಸಿಳಿದು ನಮ್ಮ ಅಂಗಳಕ್ಕೆ ಬಂದರು. ಮುದುಕರಾಗಿದ್ದರು. ಒಳಗೆ ಬರಲಿಲ್ಲ, ನೀರು ಕೇಳಲಿಲ್ಲ. ನನ್ನನ್ನು ಸರಿಯಾಗಿ ನೋಡಲೂ ಇಲ್ಲ.

“ತಂಗಿ ನಿನ್ನೆ ಹೋದಳು,” ಎಂದರು. “ಜ್ವರ ಇತ್ತು. ನಿನಗೂ ಸೂತಕ ಉಂಟು. ಹದಿಮೂರು ದಿವಸ ಒಗ್ಗರಣೆ ಹಾಕಬೇಡ.”

ನಾನು ಒಳಗೆ ಹೋಗಿ, ಒಲೆಯ ಮೇಲೆ ಕಾಯುತ್ತಿದ್ದ ಎಣ್ಣೆಯನ್ನು ಕೆಳಗಿಳಿಸಿದೆ. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಗಂಡ ಬಂದು ಕರೆದರೂ ಏಳಲಿಲ್ಲ.