ಒಣ ಮಸಿ

ನನ್ನ ಬೈಕಿಗೆ ನನಗಿಂತ ಹತ್ತು ವರ್ಷ ಕಡಿಮೆ ವಯಸ್ಸು. ಹಠ ಮಾತ್ರ ಇಬ್ಬರದೂ ಒಂದೇ ಅಳತೆಯದು. ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಬೇಡುವ ಹಳೆಯ ಗಾಡಿ ಅದು. ಅದರ ಮೇಲೆ ನಾವಿಬ್ಬರು ಮಾಸ್ತರರು ಹದಿನಾರು ವರ್ಷ ಗಜೇಂದ್ರಗಡದಿಂದ ಮುಶಿಗೇರಿಯ ಶಾಲೆಗೆ ಹೋಗಿ ಬಂದೆವು. ನಾನು ವಿಜ್ಞಾನ ಕಲಿಸುವವನು, ಹಿಂದೆ ಕೂರುತ್ತಿದ್ದ ಗೆಳೆಯರು ಕನ್ನಡ ಕಲಿಸುವವರು. ಓಡಿಸುವುದು ನನ್ನ ಕೆಲಸ, ಎಣ್ಣೆ ಬೆರೆಸುವುದು ಅವರದು. ಪೆಟ್ರೋಲ್ ಹಾಕಿಸಿದ ಮೇಲೆ ಚೀಲದಿಂದ ಎಣ್ಣೆಯ ಡಬ್ಬಿ ತೆಗೆದು, ಅದರ ಮುಚ್ಚಳದಲ್ಲೇ ಅಳೆದು ಸುರಿದು, ಹ್ಯಾಂಡಲ್ ಹಿಡಿದು ಗಾಡಿಯನ್ನು ತೊಟ್ಟಿಲ ಹಾಗೆ ಅತ್ತಿತ್ತ ತೂಗುತ್ತಿದ್ದರು. ಬೆರೆಯಬೇಕಲ್ಲ. ಪಂಪಿನವರು ನಗುತ್ತಿದ್ದರು, ಇವರು ತಲೆ ಎತ್ತುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಗಾಡಿಯ ಎಳೆತ ಕಡಿಮೆಯಾಯಿತು ಅನ್ನಿಸಿ, ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರನ್ನು ನಾನೇ ಬಿಚ್ಚಿದೆ. ಅದರೊಳಗೆ ಪೆಟ್ರೋಲಿನ ದಾರಿ ಕಾಯುವ ತೆಳ್ಳನೆಯ ಸೂಜಿಯೊಂದು ಇರುತ್ತದೆ. ಸೂಜಿಯ ಮೈಮೇಲೆ ಕೊರೆದ ಕೆಲವು ಗೆರೆ, ಒಂದು ಗೆರೆಗೆ ಸಿಕ್ಕಿಸಿದ ಸಣ್ಣ ಕ್ಲಿಪ್ಪು. ಕ್ಲಿಪ್ಪನ್ನು ಕೆಳಗಿನ ಗೆರೆಗೆ ಇಳಿಸಿದರೆ ಸೂಜಿ ಮೇಲೇಳುತ್ತದೆ, ಪೆಟ್ರೋಲ್ ಹೆಚ್ಚು ಹರಿಯುತ್ತದೆ. ಎರಡು ಗೆರೆ ಇಳಿಸಿದೆ. ಯಾರಿಗೂ ಹೇಳಲಿಲ್ಲ. ಹೇಳುವುದೇನಿದೆ, ವಿಜ್ಞಾನದ ಮಾಸ್ತರ ನಾನು.

ಶಾಲೆ ಶುರುವಾದ ಮೊದಲ ವಾರದಲ್ಲೇ ಗಾಡಿ ಹಾದಿಯಲ್ಲಿ ಕೆಮ್ಮಿ ಕೆಮ್ಮಿ ನಿಲ್ಲತೊಡಗಿತು. ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಬಿಚ್ಚಿದರೆ ಅದರ ಬಾಯೆಲ್ಲ ಕಪ್ಪು. ಎಣ್ಣೆ ಹೆಚ್ಚಾದರೆ ಹಾಗಾಗುತ್ತದೆ ಎಂದು ಕೇಳಿದ್ದೆ. ಒರೆಸಿ ಹಾಕಿದರೆ ಎರಡು ದಿನ ಓಡುತ್ತಿತ್ತು, ಮತ್ತೆ ಅದೇ ಕಥೆ. ಒಂದು ಮುಂಜಾನೆ ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರೇ ನಿಂತಿತು. ಚಹಾದಂಗಡಿಯಲ್ಲಿದ್ದ ಪರಿಚಯದವರೆಲ್ಲ ಎದ್ದು ಬಂದು ಸುತ್ತುವರಿದರು. ನನಗೆ ನಾಚಿಕೆಯಾಯಿತು, ನಾಚಿಕೆಯಾದರೆ ನನಗೆ ಸಿಟ್ಟು ಬರುತ್ತದೆ. ಅಷ್ಟು ಜನರ ಮುಂದೆ ಆ ಕಪ್ಪು ಪ್ಲಗ್ಗನ್ನು ಗೆಳೆಯರ ಮುಖದ ಹತ್ತಿರ ಹಿಡಿದೆ.

"ಅಳತಿ ಹಿಡದು ಎಣ್ಣಿ ಹಾಕಾಕೂ ಬರಂಗಿಲ್ಲಂದ್ರ, ಮಕ್ಕಳಿಗೆ ಏನ್ ಕಲಸ್ತೀರಿ ನೀವು?" ಅಂದೆ.

ಅವರು ಚೀಲದಿಂದ ಎಣ್ಣೆಯ ಡಬ್ಬಿ ತೆಗೆದು ಸೀಟಿನ ಮೇಲಿಟ್ಟು, ಹೋಗಿ ಬಸ್ ಹತ್ತಿದರು. ಅಂದಿನಿಂದ ಅವರು ಬಸ್ಸಿನಲ್ಲಿ, ನಾನು ಬೈಕಿನಲ್ಲಿ. ಶಾಲೆಯಲ್ಲಿ ಕೂರುವ ಕೋಣೆ ಒಂದೇ, ಮೂಲೆ ಬೇರೆ ಬೇರೆ.

ಹದಿನಾರು ವರ್ಷ ಬೆನ್ನ ಹಿಂದೆ ಇದ್ದ ದನಿ ನಿಂತರೆ ಏನಾಗುತ್ತದೆಂದು ನಾನು ಯೋಚಿಸಿರಲಿಲ್ಲ. ಅವರ ಅರ್ಧ ಮಾತು ಗಾಳಿಗೆ ಹೋಗುತ್ತಿತ್ತು, ಕೇಳದಿದ್ದರೂ ಹೂಂ ಅನ್ನುತ್ತಿದ್ದೆ. ಈಗಲೂ ಒಂದೊಂದು ಸಲ ಸುಮ್ಮನೆ ಹೂಂ ಅಂದುಬಿಡುತ್ತೇನೆ. ಎಣ್ಣೆಯನ್ನು ನಾನೇ ಹಾಕತೊಡಗಿದೆ, ಅದೇ ಮುಚ್ಚಳದಲ್ಲಿ, ಅವರಿಗಿಂತ ತುಸು ಕಡಿಮೆ. ಪ್ಲಗ್ ಮಾತ್ರ ಮೊದಲಿನಷ್ಟೇ ಕಪ್ಪಾಗುತ್ತಿತ್ತು. ಅದರ ಅರ್ಥ ತಿಳಿಯದಷ್ಟು ದಡ್ಡನಲ್ಲ ನಾನು. ಆದರೂ ಮೂರು ತಿಂಗಳು ತಿಳಿಯದವನ ಹಾಗೆ ಇದ್ದೆ.

ಕೊನೆಗೆ ಒಂದು ರವಿವಾರ, ಹಾದಿಯಲ್ಲಿ ಎರಡು ಸಲ ಪ್ಲಗ್ ಒರೆಸಿಕೊಂಡು ರೋಣ ಮುಟ್ಟಿದೆ. ಇಂಥ ಗಾಡಿಗಳ ಗುಟ್ಟು ಬಲ್ಲ ವಯಸ್ಸಾದ ಮಿಸ್ತ್ರಿಯೊಬ್ಬರು ಅಲ್ಲಿದ್ದಾರೆ. ಅವರು ಪ್ಲಗ್ ಬಿಚ್ಚಿ, ಬಿಸಿ ಆರಲು ಬಿಟ್ಟು, ಅದರ ಕಪ್ಪನ್ನು ಎರಡು ಬೆರಳ ನಡುವೆ ತಿಕ್ಕಿ ನನ್ನ ಮುಂದೆ ಹಿಡಿದರು.

"ಎಣ್ಣಿ ಹೆಚ್ಚಾಗಿದ್ರ ಬೆರಳಿಗೆ ಜಿಡ್ಡ ಹತ್ತತಿತ್ರಿ ಸರ. ಇದು ಒಣಾ ಮಸಿ. ಪೆಟ್ರೋಲ್ ಹೆಚ್ಚಾಗೇತಿ. ಕಾರ್ಬುರೇಟರಿಗೆ ಯಾರ ಕೈ ಹಾಕ್ಯಾರ?"

ಗೊತ್ತಿಲ್ಲ ಅಂದೆ. ಗಾಳಿ ಸಾಲದಿದ್ದರೆ ಉರಿ ಮಸಿ ಕಟ್ಟುತ್ತದೆ ಎಂದು ವರ್ಷಾ ವರ್ಷ ಎಂಟನೇ ತರಗತಿಗೆ ಕಂದೀಲಿನ ಗಾಜು ತೋರಿಸಿ ಕಲಿಸುವವನು ನಾನು. ಅದೇ ಮಸಿಯನ್ನು ಇಷ್ಟು ದಿನ ಬಟ್ಟೆಯಲ್ಲಿ ಒರೆಸಿ ಎಸೆದಿದ್ದೆ, ಒಮ್ಮೆಯೂ ಬೆರಳಲ್ಲಿ ಮುಟ್ಟಿ ನೋಡಿರಲಿಲ್ಲ. ಮಿಸ್ತ್ರಿ ಕ್ಲಿಪ್ಪನ್ನು ಮೊದಲಿದ್ದ ಗೆರೆಗೆ ಏರಿಸಿದರು. ಗಾಡಿ ಚಾಲೂ ಮಾಡಿ, ಕಾರ್ಬುರೇಟರಿನ ತಿರುಪನ್ನು ಇಷ್ಟಿಷ್ಟೇ ತಿರುಗಿಸುತ್ತ, ಕಣ್ಣು ಮುಚ್ಚಿ ಕೇಳಿದರು. ದನಿ ತಿಳಿಯಾಯಿತು. ನನಗೆ ಖುಷಿಯಾಗಲಿಲ್ಲ.

ಸೋಮವಾರ ಬೇಗ ಬಸ್ ಸ್ಟ್ಯಾಂಡಿಗೆ ಹೋದೆ. ತಪ್ಪು ನನ್ನದು, ಸೂಜಿ ಎತ್ತಿದವನು ನಾನೇ, ನಿಮ್ಮ ಎಣ್ಣೆಯ ಅಳತೆ ಸರಿಯಿತ್ತು ಎಂದು ಮನೆಯಿಂದಲೇ ಬಾಯಿಪಾಠ ಮಾಡಿಕೊಂಡಿದ್ದೆ. ಗೆಳೆಯರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಚಹಾದಂಗಡಿಯಲ್ಲಿ ಅಂದಿನ ಮುಖಗಳೇ ಇದ್ದವು. ಅವರೆಲ್ಲ ನಮ್ಮ ಕಡೆ ತಿರುಗಿದರು.

"ಗಾಡಿ ರಿಪೇರಿ ಆತ್ರಿ ಸರ," ಅಂದೆ.

"ಚಲೋ ಆತ್ರಿ," ಅಂದರು. ಮುಂದೆ ಇನ್ನೇನಾದರೂ ಹೇಳುತ್ತೇನೆಯೇ ಎಂದು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಬಸ್ ಬಂತು, ಹತ್ತಿದರು.

ಬಸ್ಸಿನ ಬೆನ್ನಿಗೇ ಹೊರಟೆ. ಹಿಂದಿನ ಗಾಜಿನಲ್ಲಿ ಅವರ ತಲೆ ಕಾಣುತ್ತಿತ್ತು. ಗಾಡಿ ಎಲ್ಲಾದರೂ ಕೆಮ್ಮಿ ನಿಲ್ಲಲಿ, ನೋಡಿ ಇಳಿದು ಬಂದಾರು, ಆಗ ಹೇಳಿಬಿಡುತ್ತೇನೆ ಅಂದುಕೊಂಡೆ. ಬೈದದ್ದು ಅಷ್ಟು ಜನರ ಮುಂದೆ, ತಪ್ಪೊಪ್ಪಿಕೊಳ್ಳುವುದಕ್ಕೆ ಮಾತ್ರ ನನಗೆ ಯಾರೂ ಇಲ್ಲದ ರಸ್ತೆ ಬೇಕಾಗಿತ್ತು. ಮುಶಿಗೇರಿ ಬರುವವರೆಗೂ ಗಾಡಿ ಒಮ್ಮೆಯೂ ನಿಲ್ಲಲಿಲ್ಲ.